ಮೀನಖಂಡ ಹಿಡಿದಾಗ

ಕಾಲಿನ ಹಿಂಬದಿಯ ಸ್ನಾಯುವಿಗೆ ಕನ್ನಡದಲ್ಲಿ ಮೀನಖಂಡ ಎಂಬ ಹೆಸರಿದೆ. ಮೊಣಕಾಲಿನ ಕೆಳಗೆ ದುಂಡಗೆ ಉಬ್ಬಿ, ಹಿಮ್ಮಡಿಯ ಕಡೆಗೆ ಸಾಗುತ್ತ ಸಪೂರಗೊಳ್ಳುವ ಆ ಭಾಗದಲ್ಲಿ ನಮ್ಮ ಹಿರಿಯರಿಗೆ ಮೀನಿನ ಆಕಾರ ಕಂಡಿತೆಂದು ತೋರುತ್ತದೆ. ನೆಲದ ಮೇಲೆ ವರ್ಷಾನುಗಟ್ಟಲೆ ಸುಮ್ಮನಿದ್ದ ಈ ಮೀನು, ಮನುಷ್ಯ ನೀರಿಗಿಳಿದ ಮೇಲೆ ಒಮ್ಮೆಲೇ ಗಂಟು ಕಟ್ಟಿ ನಿಲ್ಲುವುದುಂಟು. ವೈದ್ಯರು ಇದನ್ನು ಸ್ನಾಯುಸೆಳೆತ ಎನ್ನುತ್ತಾರೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ‘ಕಾಲು ಹಿಡೀತು’, ‘ನರ ಹಿಡೀತು’ ಎನ್ನುತ್ತಾರೆ. ಮರಾಠಿ ಮಾತನಾಡುವ ನೆರೆಯವರು ‘ಗೋಳಾ ಆಲಾ’ ಎನ್ನುವುದನ್ನೂ ಕೇಳಿದ್ದೇನೆ. ಸ್ನಾಯು ಗುಂಡಿನಂತೆ ಗಟ್ಟಿಯಾಗುವುದನ್ನು ಕೈಯಿಂದ ಮುಟ್ಟಿ ನೋಡಿದವರೇ ಆ ಮಾತನ್ನು ಹುಟ್ಟಿಸಿರಬೇಕು.

ಈ ವಿಷಯವನ್ನು ಕುರಿತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈಗ ನಲವತ್ತು ಐವತ್ತರ ವಯಸ್ಸು. ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ನೆಲೆಸಿ, ಸಕ್ಕರೆ ರೋಗಕ್ಕೋ ಬೆನ್ನುನೋವಿಗೋ ಹೆದರಿ ಈಜು ಕಲಿಯತೊಡಗಿದ್ದಾರೆ. ‘ಸರ್, ನಾಲ್ಕು ಸುತ್ತು ಹೊಡೆಯುವುದರೊಳಗೆ ಕಾಲು ಹಿಡಿಯುತ್ತದೆ, ಈ ವಯಸ್ಸಿಗೆ ಇದು ಬೇಡವೆಂದು ಬಿಟ್ಟುಬಿಡಲೇ?’ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ಈಜು ಕಲಿತ ನಾನು ಈ ಪ್ರಶ್ನೆಗೆ ಉತ್ತರಿಸಲು ಅಷ್ಟಿಷ್ಟು ಅಧಿಕಾರ ಪಡೆದಿದ್ದೇನೆ. ಅದರ ಜೊತೆಗೆ ನಮ್ಮ ಮನೆತನದ ಒಂದು ಹಳೆಯ ದುಃಖವೂ ಇದಕ್ಕೆ ಅಂಟಿಕೊಂಡಿದೆ. ಬಂಧುಗಳಲ್ಲಿ ಹಿರಿಯರಿಗೆ ಅದು ಗೊತ್ತು. ಕಿರಿಯರಿಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ನೀರಿನ ನಾಡು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಹುಕ್ಕೇರಿ ತಾಲೂಕಿನಲ್ಲಿ ಹಿಡಕಲ್ ಜಲಾಶಯವನ್ನು ತುಂಬಿ, ಧೂಪದಾಳದ ಒಡ್ಡನ್ನು ದಾಟಿ, ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಅಂಬೋಲಿಯಿಂದ ಬರುವ ಹಿರಣ್ಯಕೇಶಿ ಸಂಕೇಶ್ವರವನ್ನು ಹಾಯ್ದು ಅವಳನ್ನು ಕೂಡುತ್ತಾಳೆ. ಗೋಕಾಕದ ಬಳಿ ಮಾರ್ಕಂಡೇಯ ಸೇರುತ್ತದೆ. ಮೂಡಲಗಿಯ ಸುತ್ತಮುತ್ತ ಕಾಲುವೆಗಳು ಹರಿದು ಕಬ್ಬು, ಗೋವಿನಜೋಳ, ಅರಿಸಿನ ಬೆಳೆಸುತ್ತವೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಇದೇ ನೀರು ಗೋಕಾಕ ಪಟ್ಟಣದ ಮನೆಮನೆಯೊಳಗೆ ಬಂದು ನಿಂತದ್ದನ್ನು ನಾವು ಮರೆತಿಲ್ಲ. ಇಷ್ಟು ನೀರಿನ ನಡುವೆ ಬದುಕುವ ನಮ್ಮಲ್ಲಿ ಈಜು ಬಾರದವರೇ ಹೆಚ್ಚು. ನಾನೂ ಅವರಲ್ಲೊಬ್ಬನಾಗಿದ್ದೆ.

ನಮ್ಮ ಕಡೆ ಈಜು ಎಂದರೆ ಈಸು. ಬಾವಿಯಲ್ಲಿ ಈಸು ಕಲಿಯುವ ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಳ್ಳುತ್ತಿದ್ದರು. ಒಣಗಿದ ಸೋರೆಬುರುಡೆ ಸಿಕ್ಕರೆ ಅದೇ ಭಾಗ್ಯ. ಆಮೇಲೆ ಲಾರಿಯ ಟ್ಯೂಬು ಬಂತು, ಅದರ ನಂತರ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಡಬ್ಬಿ ಬಂತು. ಅಣ್ಣಂದಿರೋ ಕಾಕಾಗಳೋ ಮೇಲಿನಿಂದ ನೂಕುತ್ತಿದ್ದರು, ಹುಡುಗ ಕೈಕಾಲು ಬಡಿಯುತ್ತ ಕಲಿಯುತ್ತಿದ್ದ. ಮೂಡಲಗಿ ಇನ್ನೂ ಗೋಕಾಕ ತಾಲೂಕಿನೊಳಗೆ ಇದ್ದ ಕಾಲದಲ್ಲಿ, ಅದರ ಹತ್ತಿರದ ನಮ್ಮೂರಿನ ಬಾವಿಯಲ್ಲಿ ನನ್ನ ಓರಗೆಯವರೆಲ್ಲ ಹೀಗೆಯೇ ಕಲಿತರು. ನನಗೆ ಮಾತ್ರ ದಂಡೆಯ ಮೇಲೆ ಕುಳಿತು ಎಲ್ಲರ ಬಟ್ಟೆ ಕಾಯುವ ಕೆಲಸ. ನೀರಿಗಿಳಿದರೆ ಅವ್ವ ಉಣ್ಣುವುದನ್ನು ಬಿಡುತ್ತಿದ್ದಳು. ಹೊಡೆತಕ್ಕೆ ಅಂಜದ ಹುಡುಗನೂ ತಾಯಿಯ ಉಪವಾಸಕ್ಕೆ ಅಂಜುತ್ತಾನೆ.

ಅವ್ವನ ಈ ಕಟ್ಟಳೆಗೆ ಕಾರಣ ನಮ್ಮ ಸಣ್ಣಮಾವ. ಅವ್ವನ ತವರು ಹುಕ್ಕೇರಿ ತಾಲೂಕಿನಲ್ಲಿ ಹಿರಣ್ಯಕೇಶಿಯ ದಂಡೆಯ ಒಂದು ಹಳ್ಳಿ. ಮಾವನ ಹೊಲ ನದಿಯ ಆಚೆ. ದಿನವೂ ಈಸಿ ಹೋಗಿ, ಈಸಿ ಬರುವುದು ಅವನಿಗೆ ರೂಢಿ. ಧೋತರವನ್ನು ಸುತ್ತಿ ತಲೆಗೆ ಕಟ್ಟಿಕೊಂಡು ನೀರಿಗಿಳಿದನೆಂದರೆ ನೋಡುವವರು ನಿಂತು ನೋಡಬೇಕು. 1969ರ ಅಕ್ಟೋಬರ್ ತಿಂಗಳು, ದಸರೆಯ ಹೊತ್ತು. ಅವ್ವ ಹಬ್ಬಕ್ಕೆ ತವರಿಗೆ ಹೋಗಿದ್ದಳು. ನಾಲ್ಕನೆಯ ಇಯತ್ತೆಯಲ್ಲಿದ್ದ ನಾನೂ ಜೊತೆಗಿದ್ದೆ. ಬೆಳಗಿನಿಂದ ಈಚೆಯ ಹೊಲದಲ್ಲಿ ದುಡಿದಿದ್ದ ಮಾವ ಇಳಿಹೊತ್ತಿನಲ್ಲಿ ಮನೆಗೆ ಬಂದ. ಅವ್ವ ರೊಟ್ಟಿ, ಹಿಂಡಿ, ಮೊಸರು ನೀಡಿದಳು. ಉಂಡವನೇ ಆಚೆಯ ಹೊಲದಲ್ಲಿ ಕಟ್ಟಿದ್ದ ಎತ್ತು ನೋಡಿ ಬರುತ್ತೇನೆಂದು ಹೊರಟ. ನಡುನೀರಿನಲ್ಲಿ ‘ಕಾಲು ಹಿಡೀತು’ ಎಂದು ಕೂಗಿದ್ದನ್ನು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೇಳಿದರು. ಮರುದಿನ ಕೆಳಗಿನ ಊರಿನ ಹತ್ತಿರ ಸಿಕ್ಕ. ಆಗ ಅವನಿಗೆ ಇಪ್ಪತ್ತೆಂಟು ವರ್ಷ.

ಊರು ಎರಡು ಕಾರಣ ಹೇಳಿತು. ಮಡುವಿನಲ್ಲಿರುವ ದೆವ್ವ ಕಾಲು ಹಿಡಿದು ಎಳೆಯಿತು ಎಂಬುದು ಒಂದು. ತುಂಬಿದ ಹೊಟ್ಟೆಯಲ್ಲಿ ನೀರಿಗಿಳಿದದ್ದರಿಂದ ಕಾಲು ಹಿಡಿಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಅವ್ವ ಅರ್ಧ ನಂಬಿದಳು. ಎರಡನೆಯದನ್ನು ಪೂರ್ತಿ ನಂಬಿದಳು. ಏಕೆಂದರೆ ಆ ಊಟವನ್ನು ನೀಡಿದವಳು ಅವಳೇ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ನನ್ನ ಈಜಿನ ವಿಷಯಕ್ಕೆ ಬರುತ್ತೇನೆ. ಹುಕ್ಕೇರಿ ತಾಲೂಕಿನಲ್ಲಿ ಹನ್ನೊಂದು ವರ್ಷ, ಮೂಡಲಗಿಯ ಕಡೆ ಕೆಲವು ವರ್ಷ ವಿಜ್ಞಾನ ಕಲಿಸಿ, 2020ರಲ್ಲಿ ಗೋಕಾಕದಲ್ಲಿ ನಿವೃತ್ತನಾದೆ. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತ ಮೊಣಕಾಲುಗಳು ನಿವೃತ್ತಿಯಾದ ಮೇಲೆ ತಮ್ಮ ಬಾಕಿಯನ್ನು ಕೇಳತೊಡಗಿದವು. ಮೊಣಕಾಲಿಗೆ ಭಾರ ಬೀಳದಂತೆ ವ್ಯಾಯಾಮ ಮಾಡಬೇಕು, ನೀರಿಗಿಂತ ಒಳ್ಳೆಯ ಜಾಗವಿಲ್ಲ ಎಂದು ವೈದ್ಯರು ಹೇಳಿದರು. 2022ರ ಬೇಸಿಗೆಯಲ್ಲಿ ಬೆಳಗಾವಿಯ ಮಗಳ ಮನೆಯಲ್ಲಿದ್ದು, ಅಲ್ಲಿಯ ಒಂದು ಈಜುಕೊಳಕ್ಕೆ ಹೆಸರು ಹಚ್ಚಿದೆ. ಅವ್ವನಿಗೆ ಹೇಳಲಿಲ್ಲ. ಎಂಬತ್ತು ದಾಟಿದವಳನ್ನು ಮತ್ತೆ ಉಪವಾಸಕ್ಕೆ ಕೂರಿಸುವುದು ಬೇಡವೆಂದುಕೊಂಡೆ.

ಮೊದಲ ತಿಂಗಳು ಕಂಬಿ ಹಿಡಿದು ಕಾಲು ಬಡಿಯುವುದರಲ್ಲಿ ಕಳೆಯಿತು. ಆಗ ಕಾಡಿದ್ದು ಪಾದದ ಅಡಿಯ ಸೆಳೆತ. ಅಂಗಾಲಿನ ಕಮಾನು ಒಳಕ್ಕೆ ಮಡಿಚಿಕೊಂಡು, ಬೆರಳುಗಳು ಒಂದರ ಮೇಲೊಂದು ಏರಿ, ಪಾದ ನನ್ನದೇ ಅಲ್ಲವೆಂಬಂತೆ ಆಗುತ್ತಿತ್ತು. ದಂಡೆಗೆ ಕುಳಿತು ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಡಿದರೆ ಒಂದೆರಡು ನಿಮಿಷದಲ್ಲಿ ಸಡಿಲಾಗುತ್ತಿತ್ತು. ಒಂದೂವರೆ ತಿಂಗಳಾದ ಮೇಲೆ, ಕಾಲಿಗೆ ನೆಲ ಸಿಗದ ಆಳದಲ್ಲಿ ಬಲಗಾಲಿನ ಮೀನಖಂಡ ಹಿಡಿಯಿತು. ಅದು ನೋವು ಎಂಬ ಮಾತಿಗೆ ಸಿಗುವಂಥದ್ದಲ್ಲ. ಯಾರೋ ಮಾಂಸವನ್ನು ಮುಷ್ಟಿಯಲ್ಲಿ ಹಿಡಿದು ತಿರುವಿದಂತೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದು ಈಜುಕೊಳವಲ್ಲ, ಹಿರಣ್ಯಕೇಶಿಯ ಮಡು. ಐವತ್ಮೂರು ವರ್ಷದ ಹಿಂದಿನ ಕೂಗು ಕಿವಿಯಲ್ಲಿ ಕೇಳಿಸಿತೆಂದರೆ ಅದು ಅಲಂಕಾರದ ಮಾತಲ್ಲ. ತಲೆ ಎತ್ತಿ ಉಸಿರಿಗಾಗಿ ಹಾತೊರೆದಷ್ಟೂ ಸೊಂಟ ಕೆಳಗಿಳಿಯಿತು.

ತರಬೇತುದಾರ ಇಪ್ಪತ್ತೈದರ ಯುವಕ. ನೀರಿಗೆ ಹಾರಲಿಲ್ಲ. ದಂಡೆಯಿಂದ ಉದ್ದನೆಯ ಕೋಲನ್ನು ನನ್ನ ಕೈಗೆಟುಕುವಷ್ಟು ಚಾಚಿ, ಮನೆಯ ಜಗಲಿಯ ಮೇಲೆ ಕುಳಿತು ಮಾತಾಡುವವನಂತೆ ಹೇಳಿದ: “ಸರ್ರ, ಮೊದಲ ಬೆನ್ನ ಮ್ಯಾಲ ಆಗ್ರಿ. ಕಾಲಿನ ಚಿಂತಿ ಆಮ್ಯಾಲ ಮಾಡೂಣು.” ಅಂಗಾತ ತೇಲುವುದನ್ನು ಅವನು ಮೊದಲ ವಾರದಲ್ಲಿಯೇ ಕಲಿಸಿದ್ದ. ಬೆನ್ನ ಮೇಲೆ ಹೊರಳಿದೆ. ಕಿವಿಗಳು ನೀರಿನೊಳಗೆ ಹೋದವು, ಸದ್ದು ಅಡಗಿತು, ಮೂಗು ಮೇಲಿತ್ತು. ಉಸಿರು ಸಿಕ್ಕಿತು. ಕಾಲು ಇನ್ನೂ ನೋಯುತ್ತಲೇ ಇತ್ತು, ಆದರೆ ನಾನು ಮುಳುಗುತ್ತಿರಲಿಲ್ಲ. ಈ ಎರಡೂ ಬೇರೆ ಬೇರೆ ಸಂಗತಿಗಳೆಂದು ಆ ಕ್ಷಣದಲ್ಲಿ ತಿಳಿಯಿತು.

ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಕಾಲು ಹಿಡಿದದ್ದರಿಂದ ಮನುಷ್ಯ ಮುಳುಗುವುದಿಲ್ಲ. ಶ್ವಾಸಕೋಶದಲ್ಲಿ ಗಾಳಿ ಇರುವವರೆಗೆ ನಮ್ಮ ದೇಹದ ತೂಕವನ್ನು ಬಹುಮಟ್ಟಿಗೆ ನೀರೇ ಹೊರುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ನಿಮಗೆ ಎಷ್ಟು ಸಲ ಬರೆಸಿದ್ದೇನೆ! ಮುಳುಗಿಸುವುದು ಗಾಬರಿ. ಗಾಬರಿಯಾದವನು ಹಿಡಿದ ಕಾಲಿನಿಂದಲೇ ನೀರನ್ನು ತುಳಿಯುತ್ತಾನೆ, ತಲೆಯನ್ನು ಮೇಲೆತ್ತುತ್ತಾನೆ, ತಲೆ ಎತ್ತಿದಷ್ಟೂ ಕಾಲು ಕೆಳಗೆ ಹೋಗುತ್ತದೆ, ಉಸಿರು ಕಟ್ಟುತ್ತದೆ, ಬಾಯಿಗೆ ನೀರು ಬರುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಉಸಿರು, ಆಮೇಲೆ ಕೂಗು, ಕಡೆಗೆ ಕಾಲು.

ಕಾಲಿಗೆ ಮಾಡಬೇಕಾದ್ದು ಇಷ್ಟೇ. ಬೆನ್ನ ಮೇಲೆ ತೇಲುತ್ತ, ಒಂದು ಕೈಯನ್ನು ಪಕ್ಕದಲ್ಲಿ ಮೆಲ್ಲಗೆ ಆಡಿಸುತ್ತ, ಮೀನಖಂಡ ಹಿಡಿದಿದ್ದರೆ ಮೊಣಕಾಲನ್ನು ನೆಟ್ಟಗೆ ಮಾಡಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ಕೈಗೆ ಬೆರಳು ಎಟುಕದಿದ್ದರೆ ಪಾದವನ್ನಷ್ಟೇ ಮೇಲಕ್ಕೆ ಬಾಗಿಸಿದರೂ ಆದೀತು. ಕೊಳದ ಗೋಡೆ ಹತ್ತಿರವಿದ್ದರೆ ಎರಡೂ ಕೈಯಿಂದ ಅಂಚನ್ನು ಹಿಡಿದು, ಅಂಗಾಲನ್ನು ಗೋಡೆಗೆ ಒತ್ತಿ ನಿಂತರೆ ಇನ್ನೂ ಸುಲಭ. ಪಾದದ ಅಡಿ ಹಿಡಿದಿದ್ದರೆ ಬೆರಳುಗಳನ್ನು, ಅದರಲ್ಲೂ ಹೆಬ್ಬೆರಳನ್ನು ಮೇಲಕ್ಕೆ ಎಳೆಯಬೇಕು. ತೊಡೆಯ ಹಿಂಭಾಗ ಹಿಡಿದರೆ ಕಾಲನ್ನು ಚಾಚಬೇಕು. ಮುಂಭಾಗ ಹಿಡಿದರೆ ಮೊಣಕಾಲನ್ನು ಮಡಿಸಿ ಹಿಮ್ಮಡಿಯನ್ನು ಕುಂಡಿಯ ಕಡೆಗೆ ತರಬೇಕು. ಎಳೆತ ಜಗ್ಗಾಟವಾಗಬಾರದು, ನಿಧಾನವಾಗಿ, ಅರ್ಧ ನಿಮಿಷವಾದರೂ ಹಿಡಿದಿರಬೇಕು. ಸಡಿಲವಾದ ಮೇಲೆ ಕೈಯ ಬಲದಿಂದಲೇ ದಂಡೆಗೆ ಬರಬೇಕು, ಅಂದು ಮತ್ತೆ ಆಳಕ್ಕೆ ಹೋಗಬಾರದು. ಒಮ್ಮೆ ಹಿಡಿದ ಸ್ನಾಯು ಕೆಲಹೊತ್ತು ಮತ್ತೆ ಹಿಡಿಯಲು ಹೊಂಚು ಹಾಕುತ್ತಿರುತ್ತದೆ.

ಎಳೆದರೆ ಏಕೆ ಬಿಡುತ್ತದೆ? ಒಂಬತ್ತನೆಯ ತರಗತಿಯ ಹುಡುಗನಂತೆ ನನ್ನನ್ನೇ ನಾನು ಈ ಪ್ರಶ್ನೆ ಕೇಳಿಕೊಂಡು, ಓದಿ ತಿಳಿದದ್ದನ್ನು ಹೇಳುತ್ತೇನೆ. ಪ್ರತಿ ಸ್ನಾಯುವಿಗೂ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ಸ್ನಾಯುವಿನ ಒಳಗಿದ್ದು, ‘ಬಿಗಿ ಮಾಡು’ ಎಂದು ಬೆನ್ನುಹುರಿಗೆ ಸುದ್ದಿ ಕಳಿಸುತ್ತಾನೆ. ಇನ್ನೊಬ್ಬ ಸ್ನಾಯು ಮೂಳೆಗೆ ಅಂಟುವ ಸ್ನಾಯುರಜ್ಜುವಿನಲ್ಲಿದ್ದು, ಬಿಗಿ ಅತಿಯಾದಾಗ ‘ಇನ್ನು ಸಾಕು’ ಎನ್ನುತ್ತಾನೆ. ಸ್ನಾಯು ದಣಿದಾಗ ಮೊದಲಿನವನ ದನಿ ಏರುತ್ತದೆ, ಎರಡನೆಯವನ ದನಿ ಇಳಿಯುತ್ತದೆ. ಸ್ನಾಯು ಗಿಡ್ಡವಾಗಿ ಮುದುಡಿಕೊಂಡಿರುವಾಗ ರಜ್ಜುವಿನ ಮೇಲೆ ಎಳೆತವೇ ಇರುವುದಿಲ್ಲವಾದ್ದರಿಂದ ಎರಡನೆಯವನಿಗೆ ಬಾಯಿಯೇ ಇಲ್ಲದಂತಾಗುತ್ತದೆ. ನಾವು ಕಾಲನ್ನು ಚಾಚಿ ಎಳೆದಾಗ ಅವನಿಗೆ ಮತ್ತೆ ದನಿ ಬರುತ್ತದೆ. ದಕ್ಷಿಣ ಆಫ್ರಿಕದ ಮಾರ್ಟಿನ್ ಶ್ವೆಲ್ನಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಮಂಡಿಸಿದ ವಾದದ ತಿರುಳು ಇದು.

ಈಗ ಈಜುವವನ ಕಾಲನ್ನು ನೋಡಿರಿ. ಪಾದವನ್ನು ಹಿಂದಕ್ಕೆ ಚೂಪಾಗಿ ಚಾಚಿಕೊಂಡು ಬಡಿಯಬೇಕು. ಪಾದ ಹಾಗೆ ಚಾಚಿದಾಗ ಮೀನಖಂಡ ಗಿಡ್ಡವಾಗಿಯೇ ಇರುತ್ತದೆ, ಅಂಗಾಲೂ ಮುದುಡಿರುತ್ತದೆ. ಸೆಳೆತಕ್ಕೆ ಇದಕ್ಕಿಂತ ಅನುಕೂಲವಾದ ಭಂಗಿ ಇಲ್ಲ. ಚಿಕ್ಕಂದಿನಲ್ಲಿ ಕಲಿತವರ ಕಣಕಾಲು ಬಳ್ಳಿಯಂತೆ ಬಾಗುತ್ತದೆ. ನಮ್ಮಂಥವರ ಕಣಕಾಲು ಐವತ್ತು ವರ್ಷ ಬೂಟಿನಲ್ಲಿ ಬಿಗಿದು ಮರಗಟ್ಟಿರುತ್ತದೆ. ಅದನ್ನು ಚಾಚಿ ಹಿಡಿಯುವುದಕ್ಕೇ ಸ್ನಾಯು ದುಡಿದು ದಣಿಯುತ್ತದೆ. ಅದರ ಮೇಲೆ ಹೊಸಬರ ಅಂಜಿಕೆಯಿಂದ ಮೈಯೆಲ್ಲ ಬಿಗಿ. ತಣ್ಣೀರು, ಗೋಡೆಗೆ ಒದ್ದು ಮುಂದಕ್ಕೆ ಚಿಮ್ಮುವುದು, ಮೊದಲ ದಿನವೇ ಹೆಚ್ಚು ಸುತ್ತು ಹೊಡೆಯಬೇಕೆಂಬ ಹಟ ಇವೆಲ್ಲ ಸೇರಿಕೊಳ್ಳುತ್ತವೆ. ಹಾಗಾಗಿ ಕಾಲು ಹಿಡಿಯುವುದು ವಯಸ್ಸಿನ ಶಾಪವಲ್ಲ, ಬಿಟ್ಟುಬಿಡಲು ಕಾರಣವೂ ಅಲ್ಲ. ಪಾದವನ್ನು ಸಡಿಲ ಬಿಟ್ಟು, ಮೊಣಕಾಲಿನಿಂದ ಒದೆಯದೆ ಸೊಂಟದಿಂದ ಕಾಲಾಡಿಸುವುದನ್ನು ಕಲಿತ ಮೇಲೆ ನನಗೆ ಸೆಳೆತ ಬಹಳ ಕಡಿಮೆಯಾಯಿತು. ನೀರಿಗಿಳಿಯುವ ಮೊದಲು ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಲ್ಲುವುದು ಈಗ ನನ್ನ ನಿತ್ಯಕರ್ಮ.

ಉಪ್ಪಿನ ಮಾತೂ ಇದೆ. 1920ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಬೆವರು ಸುರಿಸಿ ಬರಿಯ ನೀರು ಕುಡಿಯುತ್ತಿದ್ದ ಕೂಲಿಕಾರರಿಗೆ ಕೈಕಾಲು ಹಿಡಿಯುತ್ತಿತ್ತು. ನೀರಿಗೆ ಉಪ್ಪು ಬೆರೆಸಿ ಕೊಟ್ಟಾಗ ಅವರಿಗೆ ಗುಣವಾಯಿತು. ಅಂದಿನಿಂದ ಉಪ್ಪಿನ ಕೊರತೆಯೇ ಕಾರಣವೆಂಬ ನಂಬಿಕೆ ಬೇರೂರಿತು. ಬಿಸಿಲಿನಲ್ಲಿ ಕಬ್ಬು ಕಡಿಯುವವನಿಗೆ ಅದು ನಿಜವಿರಬಹುದು. ಆದರೆ ತಣ್ಣನೆಯ ನೀರಿನಲ್ಲಿ ಅರ್ಧ ತಾಸು ಈಸಿದವನ ಮೈಯಿಂದ ಅಷ್ಟು ಉಪ್ಪು ಹೋಗಿರುವುದಿಲ್ಲ. 2010ರಲ್ಲಿ ಅಮೆರಿಕದಲ್ಲಿ ಒಂದು ಸ್ವಾರಸ್ಯದ ಪ್ರಯೋಗ ಪ್ರಕಟವಾಯಿತು. ತರುಣರ ಹೆಬ್ಬೆರಳಿನ ಸ್ನಾಯುವಿಗೆ ವಿದ್ಯುತ್ತು ತಾಗಿಸಿ ಸೆಳೆತ ಬರಿಸಿ, ಕೆಲವು ಸಲ ನೀರು, ಕೆಲವು ಸಲ ಸೌತೆಕಾಯಿ ಉಪ್ಪಿನಕಾಯಿಯ ರಸ ಕುಡಿಸಿದರು. ರಸ ಕುಡಿದಾಗ ಸೆಳೆತ ಬೇಗ ಬಿಟ್ಟಿತು. ಅಷ್ಟು ಹೊತ್ತಿನಲ್ಲಿ ಉಪ್ಪು ರಕ್ತಕ್ಕೆ ಸೇರುವುದು ಸಾಧ್ಯವಿಲ್ಲ. ಗಂಟಲಿಗೆ ತಾಗಿದ ಹುಳಿಯ ಚುರುಕೇ ನರಗಳನ್ನು ಸುಮ್ಮನಾಗಿಸಿರಬೇಕೆಂದು ಅವರು ಊಹಿಸಿದರು. ಇದನ್ನು ನಾನು ಓದಿ ಹೇಳಿದಾಗ ನಮ್ಮ ಮನೆಯವರು, “ಹಂಗಾರ ಈಸಾಕ ಹೋಗೂಮುಂದ ಮಾವಿನಕಾಯಿ ಉಪ್ಪಿನಕಾಯಿ ಡಬ್ಬಿ ಕಟ್ಟಿ ಕೊಡ್ಲೇನು?” ಎಂದು ಕೇಳಿದರು. ರಕ್ತದೊತ್ತಡದ ಗುಳಿಗೆ ನುಂಗುವವನಿಗೆ ಆ ಯೋಗವಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತೇನೆ, ಅಷ್ಟೇ.

ರಾತ್ರಿ ಮಲಗಿದಾಗ ಕಾಲು ಹಿಡಿಯುವ ಹಿರಿಯರು ನಮ್ಮ ಬಂಧುಗಳಲ್ಲಿ ಬಹಳ ಮಂದಿ ಇದ್ದಾರೆ. ಕರಿದಾರ ಕಟ್ಟಿಕೊಂಡವರಿದ್ದಾರೆ, ಯಾರೋ ಹೇಳಿದರೆಂದು ಗುಳಿಗೆ ನುಂಗಿದವರಿದ್ದಾರೆ. ಮಲೇರಿಯಾಕ್ಕೆ ಕೊಡುವ ಕ್ವಿನೈನನ್ನು ಹಿಂದೆ ಇದಕ್ಕೂ ಬಳಸುತ್ತಿದ್ದರು. ಹೃದಯಕ್ಕೂ ರಕ್ತಕ್ಕೂ ಅಪಾಯವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2006ರಿಂದ ಎಚ್ಚರಿಸುತ್ತ ಬಂದಿದೆ. ಮೆಗ್ನೀಸಿಯಂ ಗುಳಿಗೆಯಿಂದ ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವಂಥ ಪ್ರಯೋಜನವಿರಲಾರದೆಂದು 2020ರ ಕಾಕ್ರೇನ್ ಪರಾಮರ್ಶೆ ತಿಳಿಸಿದೆ. ಕಾಸು ಖರ್ಚಿಲ್ಲದ ಉಪಾಯವೆಂದರೆ ಮಲಗುವ ಮೊದಲು ಕಾಲನ್ನು ಚಾಚಿ ಎಳೆಯುವುದು. 2012ರಲ್ಲಿ ನೆದರ್ಲೆಂಡ್ಸಿನಲ್ಲಿ 55 ದಾಟಿದ 80 ಮಂದಿಯ ಮೇಲೆ ಆರು ವಾರ ನಡೆಸಿದ ಅಧ್ಯಯನದಲ್ಲಿ ಇದರಿಂದ ಗುಣ ಕಂಡಿತು. ಆದರೆ ಒಂದೇ ಕಾಲು ಬಾತು, ಕೆಂಪಾಗಿ, ಬಿಸಿಯಾಗಿ, ನೋವು ದಿನವಿಡೀ ಉಳಿದರೆ ಅದು ಸೆಳೆತವಲ್ಲ. ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸ್ವಲ್ಪ ದೂರ ನಡೆದರೆ ಮೀನಖಂಡ ನೊಂದು, ನಿಂತರೆ ಬಿಡುವಂತಿದ್ದರೆ ಅದೂ ರಕ್ತನಾಳದ ವಿಷಯ. ಸಕ್ಕರೆ ರೋಗವಿರುವವರು, ಮೂತ್ರ ಹೆಚ್ಚಿಸುವ ಇಲ್ಲವೆ ಕೊಬ್ಬು ಇಳಿಸುವ ಗುಳಿಗೆ ನುಂಗುವವರು ತಮಗೆ ಪದೇ ಪದೇ ಕಾಲು ಹಿಡಿಯುವುದನ್ನು ವೈದ್ಯರಿಗೆ ಹೇಳಬೇಕು. ಗುಳಿಗೆಯನ್ನು ತಾವೇ ನಿಲ್ಲಿಸಬಾರದು.

ಇನ್ನು ಊಟದ ಮಾತು. ಉಂಡು ನೀರಿಗಿಳಿದರೆ ಕಾಲು ಹಿಡಿದು ಮುಳುಗುತ್ತಾರೆಂಬುದು ನಮ್ಮ ಹಳ್ಳಿಯ ನಂಬಿಕೆ ಮಾತ್ರವಲ್ಲ. ಬೇಡನ್ ಪೊವೆಲ್ 1908ರಲ್ಲಿ ಸ್ಕೌಟು ಹುಡುಗರಿಗಾಗಿ ಬರೆದ ಪುಸ್ತಕದಲ್ಲಿಯೂ ಉಂಡ ಮೇಲೆ ಒಂದೂವರೆ ಗಂಟೆ ನೀರಿಗಿಳಿಯಬಾರದೆಂಬ ಎಚ್ಚರಿಕೆ ಇದೆ. ಜಗತ್ತಿನ ತಾಯಂದಿರೆಲ್ಲ ಇದನ್ನು ಹೇಳುತ್ತಲೇ ಬಂದರು. ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಯ ವಿಜ್ಞಾನ ಸಲಹಾ ಮಂಡಳಿ 2011ರಲ್ಲಿ ಇದ್ದಬದ್ದ ಆಧಾರಗಳನ್ನೆಲ್ಲ ಪರಿಶೀಲಿಸಿ, ಊಟಕ್ಕೂ ಮುಳುಗುವುದಕ್ಕೂ ನಂಟು ಕಲ್ಪಿಸಲು ಆಧಾರವಿಲ್ಲವೆಂದು ತೀರ್ಮಾನಿಸಿತು. ಹೊಟ್ಟೆ ಬಿರಿಯೆ ಉಂಡು ಈಸಿದರೆ ಹೊಟ್ಟೆ ಭಾರವಾದೀತು, ತೇಗು ಬಂದೀತು. ಕುಡಿದು ಈಸುವುದು ಮಾತ್ರ ನಿಜವಾದ ಅಪಾಯ.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಆ ವರ್ಷದ ದಸರೆಗೆ ತಮ್ಮನ ಮನೆಗೆ ಹೋದಾಗ ಅವ್ವ ಹಿತ್ತಲಲ್ಲಿ ಬಿಸಿಲಿಗೆ ಕುಳಿತಿದ್ದಳು. ಈಸು ಕಲಿತದ್ದನ್ನು ಹೇಳಿದೆ. ಬೈಯಲಿಲ್ಲ, ನನ್ನ ಕಾಲನ್ನೇ ನೋಡಿದಳು. ಕಾಲು ಹಿಡಿದದ್ದನ್ನು, ಬೆನ್ನ ಮೇಲೆ ತೇಲಿದ್ದನ್ನು ಹೇಳಿದೆ. ಆಮೇಲೆ ಊಟದ ಮಾತನ್ನೂ ಹೇಳಿದೆ: ದೊಡ್ಡ ದೊಡ್ಡ ಡಾಕ್ಟರರು ಕೂಡಿ ನೋಡಿದ್ದಾರೆ, ಉಂಡದ್ದರಿಂದ ಯಾರೂ ಮುಳುಗುವುದಿಲ್ಲ ಎಂದು. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. “ನಾನs ಕೈಯಾರೆ ನೀಡಿದ್ನಿ. ಇನ್ನೊಂದ ರೊಟ್ಟಿ ಅಂತ ನಾನs ಹಾಕಿದ್ನಿ,” ಎಂದಳು. ಇನ್ನೊಂದು ರೊಟ್ಟಿಯ ಮಾತನ್ನು ನಾನು ಅಂದೇ ಮೊದಲ ಸಲ ಕೇಳಿದ್ದು. ಐವತ್ಮೂರು ವರ್ಷ ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ಬೆನ್ನ ಮ್ಯಾಲ ಮಲಗೂದನ್ನ ಅಂವಗ ಯಾರರೆ ಹೇಳಿದ್ರ ಉಳೀತಿದ್ದನೇನೋ ತಮ್ಮಾ?”

ಸಾವಿರಾರು ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿದವನು ನಾನು. ಇದಕ್ಕೆ ಉತ್ತರವಿರಲಿಲ್ಲ. ಬೆಳಗಿನಿಂದ ದುಡಿದು ದಣಿದ ಮೈ, ಮಳೆಗಾಲ ಮುಗಿದು ಇನ್ನೂ ಸೆಳವು ಇಳಿಯದ ನದಿ, ನಡುನೀರಿನಲ್ಲಿ ಒಬ್ಬನೇ. ತೇಲಲು ಬಂದಿದ್ದರೂ ಹೊಳೆ ಎಲ್ಲಿಗೆ ಒಯ್ಯುತ್ತಿತ್ತೋ ಬಲ್ಲವರಾರು? “ಗೊತ್ತಿಲ್ಲ ಅವ್ವಾ. ಆದರ ಅಂವನ್ನ ದೆವ್ವ ಎಳೀಲಿಲ್ಲ, ನಿನ್ನ ರೊಟ್ಟಿನೂ ಎಳೀಲಿಲ್ಲ,” ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆ ರಾತ್ರಿ ಊಟಕ್ಕೆ ಕುಳಿತಾಗ ತಮ್ಮನ ಮೊಮ್ಮಗನನ್ನು ತೋರಿಸಿ, “ಈ ಹುಡುಗನ್ನ ಈಸು ಕಲಿಸಾಕ ಕಳಸ್ರಿ. ಮಲಗೂದನ್ನ ಮೊದಲ ಕಲಸಂತ ಹೇಳ್ರಿ,” ಎಂದಳು. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈಜುಕೊಳದ ಮಾತು ಬೇರೆ, ಹೊಳೆ ಕಾಲುವೆಗಳ ಮಾತು ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೊಳದಲ್ಲಿ ಕಾಲು ಹಿಡಿದರೆ ಅಂಚು ಹತ್ತು ಮಾರಿನಲ್ಲಿರುತ್ತದೆ. ಹರಿಯುವ ಕಾಲುವೆಯಲ್ಲಿ ತೇಲುವವನನ್ನು ನೀರು ತನ್ನೊಡನೆ ಒಯ್ಯುತ್ತದೆ, ಕಲ್ಲು ಕಾಂಕ್ರೀಟು ಕಟ್ಟಿದ ದಂಡೆಗೆ ಕೈ ಹತ್ತುವುದಿಲ್ಲ. ಗೋಕಾಕ ಫಾಲ್ಸಿನ ಮೇಲಿನ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ; ಅಲ್ಲಿ ಸ್ನಾನಕ್ಕಿಳಿಯುವುದು ಎಂಥ ಈಸುಗಾರನಿಗೂ ಸಲ್ಲದು. ಜಲಾಶಯದಿಂದ ನೀರು ಬಿಟ್ಟಾಗ ಹೊಳೆ ನೋಡನೋಡುತ್ತ ಏರುತ್ತದೆ. ಒಬ್ಬರೇ ಎಲ್ಲಿಯೂ ಇಳಿಯಬಾರದು. ಯಾರಾದರೂ ಮುಳುಗುತ್ತಿದ್ದರೆ ಈಸು ಬಂದರೂ ಥಟ್ಟನೆ ಹಾರಬಾರದು. ಗಾಬರಿಯಾದವನು ಕೊರಳಿಗೆ ಜೋತುಬಿದ್ದು ಇಬ್ಬರನ್ನೂ ಒಯ್ಯುತ್ತಾನೆ. ಹಗ್ಗ, ಧೋತರ, ಸೀರೆ, ಗಳ, ಮುಚ್ಚಳ ಹಾಕಿದ ಖಾಲಿ ಪ್ಲಾಸ್ಟಿಕ್ ಡಬ್ಬಿ, ಯಾವುದು ಸಿಕ್ಕರೆ ಅದನ್ನು ಎಸೆದು ‘ಬೆನ್ನ ಮೇಲೆ ಆಗು’ ಎಂದು ಕೂಗಬೇಕು. 112ಕ್ಕೆ ಫೋನು ಮಾಡಬೇಕು.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವೆಂದು ಗೊತ್ತುಮಾಡಿತು. ನಮ್ಮ ಮೂರು ತಾಲೂಕುಗಳಲ್ಲಿ ನೀವು ಎಷ್ಟೋ ಮಂದಿ ಈಗ ಶಿಕ್ಷಕರಾಗಿದ್ದೀರಿ, ಗ್ರಾಮ ಪಂಚಾಯಿತಿಯ ಸದಸ್ಯರಾಗಿದ್ದೀರಿ, ತಂದೆತಾಯಿಯಾಗಿದ್ದೀರಿ. ಎಲ್ಲ ಊರಿನಲ್ಲಿ ಈಜುಕೊಳ ಕಟ್ಟಿಸುವುದು ಆಗದ ಮಾತು. ಮೆಟ್ಟಿಲಿರುವ ಒಂದು ಬಾವಿ, ಅಡ್ಡಲಾಗಿ ಕಟ್ಟಿದ ಒಂದು ಹಗ್ಗ, ಈಸು ಬಲ್ಲ ಇಬ್ಬರು ಹಿರಿಯರು ಇದ್ದರೆ ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ಅಂಗಾತ ತೇಲುವುದನ್ನು ಕಲಿಸಬಹುದು. ಹೆಣ್ಣುಮಕ್ಕಳನ್ನು ಬಿಡಬೇಡಿರಿ; ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವವರು ಅವರೇ.

ತಮ್ಮನ ಮೊಮ್ಮಗ ಈಗ ಬಾವಿಯಲ್ಲಿ ಚೆನ್ನಾಗಿ ಈಸುತ್ತಾನೆ. ನನಗಿಂತ ಬೇಗ ಆಚೆಯ ಗೋಡೆ ಮುಟ್ಟುತ್ತಾನೆ. ನಾನು ಊರಿಗೆ ಹೋದಾಗ ಇಬ್ಬರೂ ಇಳಿಯುತ್ತೇವೆ, ಅವನ ಅಜ್ಜ ದಂಡೆಯಲ್ಲಿ ಹಗ್ಗ ಹಿಡಿದು ಕುಳಿತಿರುತ್ತಾನೆ. ಮುಂದಿನ ಬೇಸಿಗೆಗೆ ಗೋಕಾಕದ ಕಡೆ ಬರುವವರು ಮುಂಚಿತವಾಗಿ ತಿಳಿಸಿರಿ. ಕರದಂಟು ತಿಂದು ಬಾವಿಗೆ ಹೋಗೋಣ.